ಕಂಪ್ಯೂಟರನ್ನು ಎಕ್ಸ್‌ಪಿಗೆ ಮರಳಿಸುವ ಗುರುದೇವಿ

2008ರ ಜೂನ್ ತಿಂಗಳು, ಬೆಳಗಿನ ಐದೂಮುಕ್ಕಾಲು. ಲಗ್ಗೆರೆಯ ಒಂದು ಪುಟ್ಟ ಅಂಗಡಿಯ ಷಟರ್ ಅರ್ಧ ಎದ್ದಿದೆ. ಒಳಗಿನ ಕಂಪ್ಯೂಟರ್ ಎಂಬ್ರಾಯ್ಡರಿ ಯಂತ್ರ ಆರು ದಿನಗಳಿಂದ ಹಳೆಯ ಸೀರೆ ಹೊದ್ದುಕೊಂಡು ಸುಮ್ಮನೆ ನಿಂತಿದೆ. ಪಕ್ಕದ ಮೇಜಿನ ಮೇಲೆ ಗುರುದೇವಿ ಹೆಗಲ ಚೀಲ ಬಿಚ್ಚುತ್ತಾರೆ. ಸಿ.ಡಿ.ಗಳ ಪೌಚು, ಒಂದು ಹಾರ್ಡ್ ಡಿಸ್ಕು, ಇನ್ನೂರು ಪುಟದ ನೋಟ್‌ಬುಕ್ಕು ಹೊರಬರುತ್ತವೆ. ಎದುರಿಗಿರುವ ಕಂಪ್ಯೂಟರ್ ಬಂದು ಒಂದೇ ವಾರ. ಮಾನಿಟರಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯೂ ಹಾಗೇ ಇದೆ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಹೊಚ್ಚ ಹೊಸ ವಿಸ್ತಾವನ್ನು ತೆಗೆದು ಅದರ ಹಿಂದಿನ, ಏಳು ವರ್ಷ ಹಳೆಯ ಎಕ್ಸ್‌ಪಿ ಕೂರಿಸುವುದು ಅವರ ಇವತ್ತಿನ ಕೆಲಸ.

ಅಂಗಡಿಯ ಒಡತಿ ಕಲಾ ಶಾಲಾ ಸಮವಸ್ತ್ರಗಳಿಗೆ ಲಾಂಛನ ಹೊಲಿಯುತ್ತಾರೆ. ಹತ್ತು ಗಂಟೆಗೆ ಮಾದರಿ ಬ್ಯಾಡ್ಜ್ ತೋರಿಸದಿದ್ದರೆ ಈ ವರ್ಷದ ಆರ್ಡರು ಬೇರೆಯವರಿಗೆ ಎಂದು ಶಾಲೆಯವರು ಹೇಳಿಬಿಟ್ಟಿದ್ದಾರೆ. ಯಂತ್ರ ಕೆಟ್ಟಿಲ್ಲ. ಅದನ್ನು ನಡೆಸುವ ಹಳೆಯ ಪ್ರೋಗ್ರಾಮು ವಿಸ್ತಾದಲ್ಲಿ ತೆರೆಯುವುದಿಲ್ಲ, ಅಷ್ಟೆ.

"ಕಂಪ್ಯೂಟರ್ ಅಂಗಡಿಯವ್ನಿಗೆ ಫೋನ್ ಮಾಡಿದ್ರೆ ಏನಂದ ಗೊತ್ತಾ? ನಿಮ್ ಎಂಬ್ರಾಯ್ಡರಿ ಮಿಷಿನ್ನೇ ಹಳೇದು ಮೇಡಂ, ಚೇಂಜ್ ಮಾಡ್ಬಿಡಿ ಅಂದ. ಚಪ್ಪಲಿ ಕಚ್ತಾ ಇದೆ ಅಂದ್ರೆ ಕಾಲು ಬದಲಾಯಿಸಿ ಅಂದಂಗಾಯ್ತು," ಎನ್ನುತ್ತಾರೆ ಕಲಾ.

ಗುರುದೇವಿ ನಗುವುದಿಲ್ಲ. "ಇದರಾಗ ಬೇಕಾಗಿದ್ದು ಏನೇನೈತ್ರಿ?"

"ಏನೂ ಇಲ್ಲ. ಹೊಸಾದು, ಖಾಲಿ. ಸುಮ್ನೆ ಫಾರ್ಮ್ಯಾಟ್ ಮಾಡ್ಸಿ ಅಂತ ಅವ್ನೇ ಹೇಳಿದಾನೆ."

"ಸ್ಕ್ರೀನ್ ಮ್ಯಾಲೆ ಒಂದು ಫೋಲ್ಡರ್ ಕಾಣಾಕತ್ತೈತಲ್ರೀ?"

"ಅದಾ, ನನ್ನ ಡಿಸೈನ್‌ಗಳು. ಹಳೇ ಕಂಪ್ಯೂಟರ್‌ನಿಂದ ಅವ್ನೇ ಹಾಕ್ಕೊಟ್ಟ."

"ಹಳೇದೆಲ್ಲೈತಿ?"

"ಎಕ್ಸ್‌ಚೇಂಜ್‌ಗೆ ಕೊಟ್ಬಿಟ್ನಲ್ಲ."

ಗುರುದೇವಿ ಕೈ ಕೀಲಿಮಣೆಯಿಂದ ಹಿಂದೆ ಸರಿಯುತ್ತದೆ. ಪರದೆಯ ಮೇಲೆ ಕಾಣುವುದೆಲ್ಲ ವಿಸ್ತಾ ಕೂತಿರುವ ಸಿ ಡ್ರೈವ್‌ನೊಳಗೇ ಇರುತ್ತದೆ. ಸಿ ಅಳಿಸಿದರೆ ಅದೂ ಹೋಗುತ್ತದೆ. ಆ ಫೋಲ್ಡರಿನಲ್ಲಿ ಎಂಟು ವರ್ಷದ ಇನ್ನೂರ ಹನ್ನೆರಡು ಲಾಂಛನಗಳಿವೆ. ಬೇರೆಲ್ಲೂ ಪ್ರತಿಯಿಲ್ಲ. ಅದನ್ನು ಅಲ್ಲಿಟ್ಟವನೇ, ಖಾಲಿ, ಅಳಿಸಿಬಿಡಿ ಎಂದಿದ್ದಾನೆ. ಅವನ ಮಾತನ್ನು ನಂಬಿದ್ದರೆ ಕಲಾ ಅವರ ಇಡೀ ಕಸುಬು ಅರ್ಧ ಗಂಟೆಯಲ್ಲಿ ಅಳಿಸಿಹೋಗುತ್ತಿತ್ತು, ಅದಕ್ಕೆ ಯಾರೂ ಜವಾಬ್ದಾರರಾಗುತ್ತಿರಲಿಲ್ಲ.

ಬೇಕಾಗಿದ್ದು ಏನೇನಿದೆ ಎಂಬ ಪ್ರಶ್ನೆಯನ್ನು ಗುರುದೇವಿ ಪೆಟ್ಟು ತಿಂದು ಕಲಿತಿದ್ದಾರೆ. ಕಳೆದ ವರ್ಷ ನಾಗರಬಾವಿಯಲ್ಲಿ ನಿವೃತ್ತ ಮೇಷ್ಟರು ರೇವಣಸಿದ್ದಯ್ಯನವರು ಹನ್ನೊಂದು ತಿಂಗಳು ಕೂತು ಟೈಪು ಮಾಡಿದ್ದ ತಮ್ಮ ಊರಿನ ಗಿಡಮೂಲಿಕೆಗಳ ಪಟ್ಟಿ ಹೀಗೇ ಹೋಯಿತು. ಸಿ ಡ್ರೈವ್‌ನಲ್ಲಿ ಏನೂ ಇಲ್ಲ ಎಂದು ಅವರೇ ಹೇಳಿದ್ದರು, ಇವರು ನಂಬಿ ಅಳಿಸಿದ್ದರು. "ಬೈದಿದ್ರ ಚಲೋ ಇತ್ರಿ. ಅವ್ರು ಚಾ ಕೊಟ್ರು." ಅಂದಿನಿಂದ ಮಾಲೀಕರನ್ನು ಪಕ್ಕದಲ್ಲಿ ಕೂರಿಸಿ, ಒಂದೊಂದೇ ಫೋಲ್ಡರು ತೆರೆಸಿ, ನೋಟ್‌ಬುಕ್ಕಿನಲ್ಲಿ ಬರೆದು, ಸಹಿ ಹಾಕಿಸಿಕೊಂಡ ಮೇಲೇ ಅಳಿಸುತ್ತಾರೆ. ನೋಟ್‌ಬುಕ್ಕಿನ ಲೆಕ್ಕದಲ್ಲಿ ಇದು ನೂರ ನಲವತ್ತಮೂರನೆಯ ಕಂಪ್ಯೂಟರ್.

ಗುರುದೇವಿ ಗದಗ ಜಿಲ್ಲೆಯ ರೋಣದ ಕಡೆಯವರು, ವಯಸ್ಸು ಮೂವತ್ತನಾಲ್ಕು, ಮನೆ ಬ್ಯಾಡರಹಳ್ಳಿ. ಪಿಯುಸಿ ಮುಗಿಸಿ ರಾಜಾಜಿನಗರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಆರು ವರ್ಷ ಜೋಡಣೆ ಕೆಲಸ ಮಾಡಿದರು. ರಿಪೇರಿಗೆ ಹೋದ ಮನೆಗಳಲ್ಲಿ ಬಾಗಿಲು ತೆಗೆದವರು, ಎಂಜಿನಿಯರ್ ಯಾವಾಗ ಬರ್ತಾರಮ್ಮ ಎಂದು ಇವರನ್ನೇ ಕೇಳುತ್ತಿದ್ದರು. ಒಂದು ದಿನ ಗಿರಾಕಿಯೊಬ್ಬರಿಗೆ, ಹೊಸ ಪ್ರಿಂಟರು ಬೇಕಿಲ್ಲ, ಎಕ್ಸ್‌ಪಿ ಹಾಕಿದರೆ ಇರುವುದೇ ನಡೆಯುತ್ತದೆ ಎಂದುಬಿಟ್ಟರು. "ಮಾಲೀಕ್ರು ನಾಳಿಂದ ಬರಬ್ಯಾಡವಾ ಅಂದ್ರು. ಖರೇ ಹೇಳಿದ್ದಕ್ಕ."

ಏಳು ಗಂಟೆಯ ಹೊತ್ತಿಗೆ ಲಾಂಛನಗಳ ಪ್ರತಿ ಎರಡು ಕಡೆ ಭದ್ರವಾಗಿದೆ. ಬೇಕಾದರೆ ವಿಸ್ತಾಕ್ಕೇ ವಾಪಸು ಹೋಗಲು ಡಿಸ್ಕುಗಳೂ ತಯಾರಾಗಿವೆ. ಆದರೆ ಎಕ್ಸ್‌ಪಿಯ ಸಿ.ಡಿ. ಶುರುವಾಗುತ್ತಲೇ ಈ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕೇ ಇಲ್ಲ ಎನ್ನುತ್ತದೆ. ಕಲಾ ಪರದೆಯತ್ತ ಬಗ್ಗುತ್ತಾರೆ.

"ಹೋಯ್ತಾ?"

"ಎಲ್ಲಿಗ್ ಹೋಕ್ಕೈತ್ರಿ? ಎಕ್ಸ್‌ಪಿ ಹುಟ್ಟಿದಾಗ ಇಂಥ ಡಿಸ್ಕ್ ಇರಲಿಲ್ಲ, ಗುರ್ತು ಸಿಗವಲ್ದು. ಪರಿಚಯ ಮಾಡಿಸಿದ್ರಾತು." ಸೆಟ್ಟಿಂಗಿನಲ್ಲಿ ಒಂದು ಸಾಲು ಬದಲಾಗುತ್ತದೆ, ಡಿಸ್ಕು ಕಾಣುತ್ತದೆ.

ಎಂಟೂಕಾಲಿಗೆ ಎಕ್ಸ್‌ಪಿಯ ನೋಂದಣಿಗಾಗಿ ಅದರ ಕಂಪನಿಗೆ ಫೋನು. ಕಲಾ ಎತ್ತಿಟ್ಟಿದ್ದ ಅಸಲಿ ಎಕ್ಸ್‌ಪಿ ಡಿಸ್ಕಿದೆ. ಗುರುದೇವಿ ಐವತ್ತನಾಲ್ಕು ಅಂಕಿ ಓದಿ ಹೇಳುತ್ತಾರೆ, ಆ ಕಡೆಯಿಂದ ಬರುವ ನಲವತ್ತೆರಡನ್ನು ಬರೆದುಕೊಳ್ಳುತ್ತಾರೆ. ಕದ್ದ ಪ್ರತಿ ಅವರ ಚೀಲದಲ್ಲಿಲ್ಲ, ಅದರ ಅಗತ್ಯವೂ ಇಲ್ಲಿಲ್ಲ. ಈ ಕಂಪ್ಯೂಟರಿನಲ್ಲಿ ಬಂದಿರುವ ವಿಸ್ತಾದ ಆವೃತ್ತಿಯನ್ನು ಕೊಂಡವರಿಗೆ ಎಕ್ಸ್‌ಪಿಗೆ ಮರಳುವ ಹಕ್ಕಿದೆ. ಪರವಾನಗಿ ಒಪ್ಪಂದದಲ್ಲೇ ಅಚ್ಚಾಗಿದೆ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಮಾರಿದವರಿಗೆ ಇದು ಗೊತ್ತಿರಲಿಲ್ಲವೆಂದರೆ ಅವರಿಗೆ ಅಂಗಡಿ ಯಾಕೆ? ಗೊತ್ತಿದ್ದೂ ಬಾಯಿ ಬಿಡಲಿಲ್ಲವೆಂದರೆ, ಓಡುವ ಯಂತ್ರವನ್ನು ಗುಜರಿಗೆ ಹಾಕಿಸಿ ಹೊಸದನ್ನು ಮಾರುವ ಈ ನಡವಳಿಕೆಗೆ ವ್ಯಾಪಾರ ಎಂಬ ಹೆಸರು ಹೆಚ್ಚಾಯಿತು.

ಒಂಬತ್ತು ಗಂಟೆ ಐದು ನಿಮಿಷ. ಪ್ರೋಗ್ರಾಮು ತೆರೆಯುತ್ತದೆ. ಕಲಾ ಯಂತ್ರದ ಮೇಲೆ ಹೊದಿಸಿದ್ದ ಸೀರೆ ತೆಗೆದು, ಅದರ ಚೌಕಟ್ಟಿಗೆ ಬಟ್ಟೆ ಬಿಗಿಯುತ್ತಾರೆ. ಸೂಜಿ ಒಮ್ಮೆ ಮೇಲೆದ್ದು ಕುಟ್ಟಲು ಶುರುಮಾಡುತ್ತದೆ. ಒಂಬತ್ತು ನಿಮಿಷದಲ್ಲಿ ನೀಲಿ ಬಟ್ಟೆಯ ಮೇಲೆ ಹಳದಿ ದೀಪ, ಅದರಡಿ ಶಾಲೆಯ ಹೆಸರು. ಕಲಾ ದಾರದ ತುದಿ ಕತ್ತರಿಸಿ, ಬ್ಯಾಡ್ಜನ್ನು ಕವರಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಾರೆ. "ಗುರುದೇವಿ, ನಾನು ಬಂದ್ಮೇಲೆ ತಿಂಡಿ ತಿಂದೇ ಹೋಗ್ಬೇಕು. ಇಲ್ಲಾಂದ್ರೆ ನಿಮ್ ನೋಟ್‌ಬುಕ್ ಕೊಡಲ್ಲ," ಎನ್ನುತ್ತಲೇ ರಸ್ತೆಗೆ ಇಳಿದಾಗಿದೆ.

ಗುರುದೇವಿ ಸಿ.ಡಿ.ಗಳನ್ನು ಒಂದೊಂದಾಗಿ ಪೌಚಿಗೆ ಸೇರಿಸುತ್ತಾರೆ. ಏನು ಬದಲಾಗಬೇಕು ಎಂದು ಕೇಳಿದರೆ ಚೀಲ ಕಟ್ಟುತ್ತಲೇ ಹೇಳುತ್ತಾರೆ.

"ಹೊಸಾದು ಬರಲಿ, ಬ್ಯಾಡ ಅನ್ನಂಗಿಲ್ಲ. ತಿರುಗಿ ಹೋಗಾಕ ಹಾದಿ ಐತಿ ಅಂತ ಮಾರೂ ಮುಂದ ಒಂದು ಮಾತು ಹೇಳ್ಲಿ, ಸಾಕು. ಆಮ್ಯಾಲೆ ನನ್ನನ್ನ ಯಾರೂ ಕರೀಲಿಲ್ಲ ಅಂದ್ರೂ ನಡೀತೈತ್ರಿ."