ಲಕ್ಷದ ಮೇಲೊಂದು ಬತ್ತಿ

ವಿಭೂತಿ ಹಚ್ಚಿದ ಬೆರಳಲ್ಲಿ ಹತ್ತಿ ಹೊಸೆಯುವಾಗ ಒಂದು ಒಣ ವಾಸನೆ ಏಳುತ್ತದೆ. ಅದು ಮೂಗಿಗೆ ಬಡಿದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಅರಸೀಕೆರೆಯ ನಮ್ಮ ಮನೆಯ ಅಟ್ಟದ ತುಂಬ ಕೊಬ್ಬರಿ, ಕೆಳಗೆ ನಡುಮನೆಯಲ್ಲಿ ಕಾಲು ಚಾಚಿ ಬತ್ತಿ ಹೊಸೆಯುವ ಗೌರತ್ತೆ, ಅಪ್ಪನ ಅಕ್ಕ. ನಿಮ್ಮ ಮನೆಯಲ್ಲೂ ಅಂಥವಳೊಬ್ಬಳು ಇದ್ದಿರಬೇಕು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನನಗೆ ವಿಷಮಶೀತ ಜ್ವರ ಬಂದು ಉಳಿಯುವುದೇ ಅನುಮಾನವಾದಾಗ, ಹಾರನಹಳ್ಳಿಯ ಈಶ್ವರನಿಗೆ ಲಕ್ಷದ ಮೇಲೊಂದು ಬತ್ತಿ ಹಚ್ಚುತ್ತೇನೆಂದು ಹರಕೆ ಹೊತ್ತಳು. ಎಣಿಕೆ ತಪ್ಪಿದರೆ ಹರಕೆ ಸಲ್ಲದು, ಮಗುವಿಗೆ ಜ್ವರ ಮರುಕಳಿಸೀತು ಎಂಬ ಭಯ ಅವಳಿಗೆ.

ಕೇರಿಯ ಹತ್ತು ಹೆಂಗಸರು ಕೈಜೋಡಿಸಿದರು. ಅತ್ತೆ ಕಂತೆ ಕಟ್ಟಿ ಕಟ್ಟಿಯೇ ಪಾಲು ಮಾಡಿದ್ದಳು: ಒಬ್ಬೊಬ್ಬರಿಗೆ ಒಂಬತ್ತು ಸಾವಿರ, ಮೇಲೆ ತೊಂಬತ್ತು, ಅದರ ಮೇಲೊಂದು. ತನ್ನದೂ ಸೇರಿ ಹನ್ನೊಂದು ಪಾಲು ಕೂಡಿದರೆ ಲಕ್ಷದ ಒಂದು. ಕಾರ್ತಿಕದ ಒಂದು ಸಂಜೆ ಅವರೆಲ್ಲ ಕಂತೆ ಒಪ್ಪಿಸುತ್ತಿದ್ದಾಗ ನಾನು ಶಾಲೆಯಿಂದ ಬಂದೆ. ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಗಳನ್ನು ಮೇಷ್ಟ್ರು ಅದೇ ವಾರ ಹೇಳಿಕೊಟ್ಟಿದ್ದರು. ಲಕ್ಷದ ಒಂದನ್ನು ಎರಡು, ಮೂರು, ಐದು, ಏಳರಿಂದ ಭಾಗಿಸಿ ನೋಡಿದೆ. ಹೋಗಲಿಲ್ಲ. ಅಷ್ಟಕ್ಕೇ ದೊಡ್ಡ ಪಂಡಿತೆಯಾಗಿಬಿಟ್ಟೆ.

"ಅದು ಎಷ್ಟು ಜನಕ್ಕೂ ಸಮಪಾಲು ಬರಲ್ಲ ಅತ್ತೆ. ನಿಂಗೆ ಲೆಕ್ಕಾನೇ ಬರಲ್ಲ," ಎಂದೆ, ಎಲ್ಲರೆದುರು.

"ಕೂಡಿದ್ರೆ ಸರಿಹೋಗ್ತೈತಲ್ಲ ಮಗಾ," ಎಂದಳು. ದನಿ ಆಗಲೇ ಇಳಿದಿತ್ತು.

ನಾನು ನಕ್ಕೆ. ಓದೋ ಹುಡುಗಿ ಹೇಳ್ತಾಳೆಂದು ಹೆಂಗಸರು ಮುಖ ಮುಖ ನೋಡಿಕೊಂಡರು. ಅತ್ತೆ ಒಬ್ಬೊಬ್ಬರ ಕೈ ಹಿಡಿದು ತಪ್ಪಾಯಿತೆಂದಳು, ತಪ್ಪು ಲೆಕ್ಕದ ಬತ್ತಿ ಹರಕೆಗೆ ಸಲ್ಲದು, ನಿಮ್ಮ ಮನೆ ದೀಪಕ್ಕಾದರೂ ಆಗಲಿ ಎಂದು ಕಂತೆಗಳನ್ನು ಹಿಂದಕ್ಕೆ ಕೊಟ್ಟಳು. ಅವರು ಹೋದ ಮೇಲೆ ಸ್ಲೇಟು ತೆಗೆದು ಹನ್ನೊಂದರಿಂದಲೂ ಭಾಗಿಸಿದೆ. ಒಂಬತ್ತು ಸಾವಿರದ ತೊಂಬತ್ತೊಂದು, ಶೇಷ ಸೊನ್ನೆ. ಥೂ, ಅರ್ಧ ನಿಮಿಷದ ಕೆಲಸ! ಸ್ಲೇಟು ಒರೆಸಿಬಿಟ್ಟೆ. ನಾಳೆ ಹೇಳಿದರಾಯಿತು ಅಂದುಕೊಂಡೆ.

ನಾಳೆ ಹೇಳಲಿಲ್ಲ. ಅತ್ತೆ ಒಬ್ಬಳೇ ಮೊದಲಿನಿಂದ ಹೊಸೆಯತೊಡಗಿದಳು. ಬೆರಳ ತುದಿ ಸೀಳಿದರೆ ಎಣ್ಣೆ ಸವರಿಕೊಂಡು ಮತ್ತೆ ಕೂರುವಳು. ಪ್ರತಿ ಕಂತೆಯನ್ನೂ ನನ್ನಿಂದ ಎಣಿಕೆ ಮಾಡಿಸುವಳು. ಅಡಿಗೆಮನೆಯಲ್ಲಿ ಹಪ್ಪಳ ಎಣಿಸಬೇಕಾದರೂ ನನ್ನನ್ನೇ ಕೂಗತೊಡಗಿದಳು. ಆವರೆಗೆ ಮನೆಯ ಎಣಿಕೆಯೆಲ್ಲ ಅವಳದೇ ಆಗಿತ್ತು.

ಮುಂದಿನ ಕಾರ್ತಿಕಕ್ಕೆ ಹಾರನಹಳ್ಳಿಯಲ್ಲಿ ಬತ್ತಿ ಹಚ್ಚಿ, ನನ್ನನ್ನು ಪೂಜಾರಪ್ಪನ ಮುಂದೆ ನಿಲ್ಲಿಸಿ, "ಈ ಮಗು ತಡೀದಿದ್ರೆ ದೇವ್ರಿಗೇ ತಪ್ಪು ಲೆಕ್ಕ ಒಪ್ಪಿಸ್ಬಿಡ್ತಿದ್ದೆ ಸ್ವಾಮಿ," ಎಂದಳು. ಸೀಳಿದ ಆ ಬೆರಳುಗಳಿಂದಲೇ ನನ್ನ ದೃಷ್ಟಿ ತೆಗೆದಳು.

ಅತ್ತೆ ಹೋದಳು, ಆ ಮನೆಯೂ ಹೋಯಿತು. ಅವಳ ಲೆಕ್ಕ ಸರಿಯಿತ್ತೆಂದು ನಾನು ಬಾಯಿಬಿಟ್ಟು ಹೇಳುತ್ತಿರುವುದು ಇದೇ ಮೊದಲು, ಅದೂ ಅವಳಿಗಲ್ಲ, ನಿಮಗೆ.