ಒಂದು ಹಳಿ ಖಾಲಿ ಬಿಡುವ ಅಕ್ಕ

ಪಂಡಿತರ ನೌಕಾಪಡೆ ಮಣ್ಣುಪಾಲಾಗಲು ಬೇಕಾದದ್ದು ನಾಲ್ಕೇ ನಿಮಿಷ. ಅಂತರಿಕ್ಷದಲ್ಲಿ ಮಣ್ಣೆಲ್ಲಿಂದ ಬಂತು ಎಂದು ಕೇಳಬೇಡಿ, ಪಂಡಿತರು ಇದ್ದ ಕಡೆ ಎಲ್ಲವೂ ಒದಗಿ ಬರುತ್ತದೆ. ನಲವತ್ತೊಂದು ಯುದ್ಧನೌಕೆಗಳನ್ನು ಅವರು ಒಂದೇ ಉಸಿರಿಗೆ ನಕ್ಷತ್ರದ್ವಾರದೊಳಕ್ಕೆ ನುಗ್ಗಿಸಿದರು. ಸಂಜೆ ಬಸ್ಸಿನ ಬಾಗಿಲಲ್ಲಿ ಸಿಕ್ಕಿಕೊಂಡ ಜನರ ಹಾಗೆ ಅವು ಒಂದಕ್ಕೊಂದು ಒತ್ತಿಕೊಂಡು ನಿಂತವು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಇಂಧನ ತೀರಿತು. ಗೋಡೆಯಗಲದ ಪರದೆಯ ಮೇಲೆ ಒಂದು ಸಾಲು ಮೂಡಿತು: ‘ಸೇನಾಪತಿಗಳೇ, ನಿಮ್ಮ ದಾರಿ ಕಟ್ಟಿದವರು ನೀವೇ.’

ಆ ಸಾಲನ್ನು ಬರೆದವರೂ ಪಂಡಿತರೇ, ಆಟದೊಳಗಿನ ಮಾತನ್ನೆಲ್ಲ ಬರೆಯುವುದು ಅವರ ಕೆಲಸ. ಎಂಟು ತಿಂಗಳ ಹಿಂದೆ ಬರೆದು, ಭೇಷ್ ಎಂದು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡಿದ್ದರು. ಈಗ ಕಚೇರಿಯ ಹದಿನೆಂಟು ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರಲ್ಲಿ ಹದಿನೇಳು ಜನ ಪಂಡಿತರ ಅರ್ಧ ವಯಸ್ಸಿನವರು. ಹದಿನೆಂಟನೆಯವನು ಯಜಮಾನ, ಅವನಿಗೆ ಮೂವತ್ತನಾಲ್ಕು.

ಅವರೆಲ್ಲ ಸೇರಿ ಮೂರು ವರ್ಷದಿಂದ ಕಟ್ಟುತ್ತಿದ್ದ ಆಟದ ಹೆಸರು ‘ಏಳು ಸೂರ್ಯರ ಸೀಮೆ’. ಇನ್ನು ಆರು ತಿಂಗಳಲ್ಲಿ ಹೊರಬರಬೇಕು. ಏಳು ಸೂರ್ಯರು, ಮೂವತ್ತು ಚಿಲ್ಲರೆ ಗ್ರಹಗಳು. ಅದಿರು ಅಗೆಯಬೇಕು, ಹಡಗು ಕಟ್ಟಬೇಕು, ಬೇಕಾದಾಗ ಕಾಲವನ್ನು ನಿಲ್ಲಿಸಿ ಯೋಚಿಸಬಹುದು. ಹಡಗಿನ ಸಿಬ್ಬಂದಿಗೆ ಹಸಿವಾದರೆ ಗೊಣಗುತ್ತಾರೆ, ಅತಿಯಾದರೆ ಕಪ್ತಾನನೇ ಪಕ್ಷ ಬದಲಾಯಿಸುತ್ತಾನೆ. ಎದುರಾಳಿ ಯಂತ್ರವೇ. ಇವತ್ತು ನೀವು ಹೂಡಿದ ಉಪಾಯವನ್ನು ನಾಳೆ ನಿಮ್ಮ ಮೇಲೇ ತಿರುಗಿಸುವಷ್ಟು ಚುರುಕು.

ಎಲ್ಲಕ್ಕಿಂತ ಮುಖ್ಯವಾದವು ದ್ವಾರಗಳು. ಒಂದು ಸೂರ್ಯನಿಂದ ಇನ್ನೊಂದಕ್ಕೆ ಹೋಗಲು ಒಂದೇ ದ್ವಾರ, ಪ್ರತಿ ದ್ವಾರದಲ್ಲಿ ಆರು ತಂಗುಕಟ್ಟೆ. ಬಂದ ಹಡಗು ಒಂದು ಕಟ್ಟೆಯಲ್ಲಿ ನಿಂತು, ಸರದಿ ಬಂದಾಗ ಆಚೆ ದಾಟಬೇಕು. ದ್ವಾರ ಯಾರ ಕೈಯಲ್ಲಿದೆಯೋ ಅವರು ಸರದಿಯನ್ನು ಗೊತ್ತುಮಾಡಬಹುದು. ಆದರೆ ಯಾರಿಗೂ ‘ಬರಬೇಡ’ ಎನ್ನುವ ಹಾಗಿಲ್ಲ. ಇಷ್ಟನ್ನೂ ಎರಡು ವರ್ಷ ಕೂತು ಹೆಣೆದವಳು ಮೂಲೆಯ ಮೇಜಿನ ಪ್ರೋಗ್ರಾಮರ್. ಕಚೇರಿಯಲ್ಲಿ ಅವಳಿಗೆ ದ್ವಾರಪಾಲಕಿ ಎಂದೇ ಹೆಸರು.

ಯಜಮಾನ ಕಣ್ಣೊರೆಸಿಕೊಂಡು ಹೇಳಿದ: “ಸಾಕು. ಆಡಿದವರೆಲ್ಲ ಈ ದ್ವಾರದಲ್ಲೇ ಸಿಕ್ಕಿಕೊಳ್ತಾರೆ. ಸಹಾಯದ ಪುಟ ಬರೆದ ಪಂಡಿತರಿಗೇ ದಾಟೋಕೆ ಆಗ್ಲಿಲ್ಲ ಅಂದ್ಮೇಲೆ ಮಿಕ್ಕವರ ಪಾಡೇನು? ಶುಕ್ರವಾರ ಆಟಕ್ಕೆ ದುಡ್ಡು ಹಾಕೋ ಪ್ರಕಾಶಕರ ಕಡೆಯವರು ನೋಡೋಕೆ ಬರ್ತಾರೆ. ಅವರೂ ಮುಖ ಸಿಂಡರಿಸಿದ್ರೆ ದ್ವಾರ ತೆಗೆದುಬಿಡೋಣ. ಹಡಗು ನೇರ ಹಾರ್ಲಿ.”

ದ್ವಾರಪಾಲಕಿ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದು ಒರೆಸಿದಳು. ಪಂಡಿತರಿಗೆ ತಮ್ಮ ನಲವತ್ತೊಂದು ಹಡಗಿಗಿಂತ ಆ ಕನ್ನಡಕವೇ ಹೆಚ್ಚು ಚುಚ್ಚಿತು.

ಅಂದು ಸಂಜೆ ಅವರು ಅಕ್ಕನ ಮನೆಗೆ ಹೋದರು. ಮುಖ ಹುಳ್ಳಗಾದಾಗಲೆಲ್ಲ ಅವರು ಹೋಗುವುದು ಅಲ್ಲಿಗೇ. ಸಮಾಧಾನ ಸಿಗುತ್ತದೆಂದಲ್ಲ. ಅಕ್ಕ ಸಮಾಧಾನ ಹೇಳುವ ಪೈಕಿ ಅಲ್ಲ, ಅದೇ ಒಂದು ನೆಮ್ಮದಿ. ಕೈಚೀಲವನ್ನು ಬಾಗಿಲ ಪಕ್ಕದ ಕುರ್ಚಿಯ ಮೇಲಿಟ್ಟರು.

“ಎತ್ತು ಅದನ್ನ,” ಎಂದಳು ಅಕ್ಕ ಅಡಿಗೆಮನೆಯಿಂದಲೇ.

“ಕುರ್ಚಿ ಖಾಲಿ ಇದೆಯಲ್ಲಕ್ಕ.”

“ಖಾಲಿ ಇರಲಿ ಅಂತಲೇ ಇಟ್ಟಿರೋದು.”

ಆ ಮನೆಯಲ್ಲಿ ಎಲ್ಲವೂ ಹಾಗೆಯೇ. ಗೋಡೆಯಲ್ಲಿ ಐದು ಮೊಳೆ ಇದ್ದರೆ ಬಟ್ಟೆ ನಾಲ್ಕಕ್ಕೆ. ಮೂರು ಉರಿಯ ಒಲೆಯಲ್ಲಿ ಎರಡಕ್ಕೇ ಪಾತ್ರೆ. ಭಾವ ಬದುಕಿದ್ದಾಗ, “ನಿಮ್ಮಕ್ಕನ ಮನಸ್ಸಲ್ಲೂ ಒಂದು ಕೋಣೆ ಖಾಲಿ ಇರುತ್ತಪ್ಪ, ನಾನು ಇಣುಕಿದರೂ ಬೈತಾಳೆ” ಎನ್ನುತ್ತಿದ್ದರು.

ಇದೆಲ್ಲ ಬಂದದ್ದು ರೈಲ್ವೆಯ ಗೂಡ್ಸ್ ಯಾರ್ಡಿನಿಂದ. ಇಪ್ಪತ್ತೆರಡನೆಯ ವಯಸ್ಸಿಗೆ ಅಕ್ಕ ಅಲ್ಲಿ ಸೇರಿದ್ದು ವ್ಯಾಗನ್ನುಗಳ ನಂಬರು ಬರೆದುಕೊಳ್ಳುವ ಕೆಲಸಕ್ಕೆ. ಜಲ್ಲಿಕಲ್ಲಿನ ಮೇಲೆ ದಿನಕ್ಕೆ ಒಂಬತ್ತು ಮೈಲಿ ನಡಿಗೆ, ಕೈಯಲ್ಲಿ ಪುಸ್ತಕ, ಕಿವಿಯ ಹಿಂದೆ ಸೀಮೆಸುಣ್ಣ. ಏಳು ವರ್ಷ ನಡೆದ ಮೇಲೆ ಕ್ಯಾಬಿನ್ನಿಗೆ ಏರಿದಳು. ಆ ಮೆಟ್ಟಿಲು ಹತ್ತಿದ ಮೊದಲ ಹೆಂಗಸು. ಯಾವ ಗಾಡಿ ಯಾವ ಹಳಿಗೆ, ಯಾವ ವ್ಯಾಗನ್ ಯಾವುದರ ಹಿಂದೆ ಎಂದು ಗೊತ್ತುಮಾಡುವ ಜಾಗ ಅದು. ಮೊದಲ ವಾರವೇ ಅವಳು ಒಂಬತ್ತು ಹಳಿಗಳಲ್ಲಿ ಐದನೆಯದನ್ನು ಖಾಲಿ ಬಿಟ್ಟಳು. ಕೆಳಗಿನವರು ಬಿಡುತ್ತಾರೆಯೇ? “ಐದನೇ ಹಳಿ ಅಮ್ಮಾವ್ರ ತವರಿಂದ ಬಂದಿದ್ದಾ?” ಎಂದು ಕೂಗಿ ಕೇಳುತ್ತಿದ್ದರು. ಅಕ್ಕ ಕಿಟಕಿಯಿಂದ ತಲೆ ಹೊರಹಾಕಿ, “ಹೌದು, ಒಡವೆ ಇಟ್ಟಿದ್ದೀನಿ, ತುಳೀಬೇಡಿ” ಎನ್ನುತ್ತಿದ್ದಳು.

ಒಮ್ಮೆ ತನಿಖೆಗೆ ಬಂದ ದೊಡ್ಡ ಸಾಹೇಬರು ಆ ಹಳಿ ನೋಡಿ ಕೆಂಡವಾದರು. “ಇದ್ಯಾಕಮ್ಮ ಸುಮ್ನೆ ಬಿದ್ದಿದೆ?”

“ಸುಮ್ನೆ ಬಿದ್ದಿಲ್ಲ ಸಾರ್. ಕೆಲಸ ಮಾಡ್ತಿದೆ.”

ಸಾಹೇಬರು ಕೇಳಲಿಲ್ಲ, ತಾವೇ ನಿಂತು ತುಂಬಿಸಿದರು. ಒಂಬತ್ತೂ ಹಳಿ ತುಂಬಿದ ಮೇಲೆ ನಡುವಿನ ಒಂದು ವ್ಯಾಗನ್ನನ್ನು ಈಚೆಗೆ ತೆಗೆಯಬೇಕಾಯಿತು. ತೆಗೆದು ಇಡುವುದೆಲ್ಲಿ? ಯಾರ್ಡಿಗೆ ಯಾರ್ಡೇ ಒಂಬತ್ತು ಗಂಟೆ ಕಲ್ಲಾಗಿ ನಿಂತಿತು, ಒಳಗೆ ಸಾಹೇಬರ ಸ್ವಂತ ಗಾಡಿಯೂ ಸೇರಿ. ಮರುದಿನ ಲಿಖಿತ ಆದೇಶ ಬಂತು: ಅಕ್ಕನ ಸಹಿಯಿಲ್ಲದೆ ಐದನೇ ಹಳಿಯನ್ನು ಯಾರೂ ತುಂಬತಕ್ಕದ್ದಲ್ಲ. ಬೇರೆಯವರಾಗಿದ್ದರೆ ಕಟ್ಟು ಹಾಕಿಸಿ ಗೋಡೆಗೆ ತೂಗುತ್ತಿದ್ದರು. ಅಕ್ಕ ಅದನ್ನು ಅಡಿಗೆಮನೆಯ ಡ್ರಾಯರಿನ ತಳಕ್ಕೆ ಹಾಸಿದ್ದಾಳೆ. ಚಮಚ ಎತ್ತಿದರೆ ಸಾಹೇಬರ ಸಹಿ ಕಾಣುತ್ತದೆ. ಕ್ಯಾಬಿನ್ನಿನಲ್ಲಿ ಕೂತ ಮೂವತ್ತೊಂದು ವರ್ಷದಲ್ಲಿ ಅವಳ ಯಾರ್ಡು ಇನ್ನೊಮ್ಮೆ ಕಟ್ಟಿಕೊಳ್ಳಲಿಲ್ಲ. ನಿವೃತ್ತಿಯಾಗಿ ಈಗ ನಾಲ್ಕು ವರ್ಷ.

ಇಂಥ ಅಕ್ಕ ತಮ್ಮನ ಕೆಲಸದ ಬಗ್ಗೆ ಒಂದು ಮಾತೂ ಕೇಳಿದವಳಲ್ಲ. ಯಾರಾದರೂ ವಿಚಾರಿಸಿದರೆ “ಆಟದ ಸಾಮಾನಿನ ಕಂಪನೀಲಿ ಇದಾನೆ” ಎಂದು ಮಾತು ಮುಗಿಸುತ್ತಿದ್ದಳು. ಅಂದು ಪಂಡಿತರು ಹಡಗು, ದ್ವಾರ, ದ್ವಾರಪಾಲಕಿಯ ಕನ್ನಡಕ ಎಲ್ಲವನ್ನೂ ಹೇಳಿಕೊಂಡು ಕರಗುತ್ತಿದ್ದಾಗ, ಅಕ್ಕ ಸೌಟನ್ನು ಕೆಳಗಿಟ್ಟು ಕೇಳಿದಳು:

“ಆ ದ್ವಾರದಲ್ಲಿ ಎಷ್ಟು ಲೈನೋ?”

“ಆರು.”

“ನೀನು ಎಷ್ಟು ತುಂಬಿಸಿದೆ?”

“ಆರೂ.”

ತಮ್ಮ ಹುಟ್ಟಿದ ದಿನದಿಂದ ನೋಡುತ್ತಿದ್ದ ಹಾಗೆಯೇ ಅಕ್ಕ ಅವನನ್ನು ಇನ್ನೊಮ್ಮೆ ನೋಡಿದಳು. “ಶುಕ್ರವಾರ ಎಷ್ಟು ಗಂಟೆಗೆ?”

ಶುಕ್ರವಾರ ಬೆಳಿಗ್ಗೆ ಪ್ರಕಾಶಕರ ಕಡೆಯ ಮೂವರು ಬಂದು ಕೂತಿದ್ದರು. ಪಂಡಿತರ ಜತೆ ಒಳಗೆ ಬಂದ ಅಕ್ಕನನ್ನು ಕಂಡು ಯಜಮಾನ ಪಕ್ಕಕ್ಕೆ ಕರೆದ. “ಏನ್ ಪಂಡಿತರೇ, ಇದೇನು ತಮಾಷೆನಾ?”

“ಆಡೋದನ್ನ ತೋರಿಸೋಕೆ ಯಾರಾದ್ರೂ ಬೇಕಲ್ಲ. ನಾನೇ ಆಡ್ಲಾ?”

ಯಜಮಾನ ತಾನೇ ಒಂದು ಕುರ್ಚಿ ಎಳೆದು ಕೊಟ್ಟ. ಅಕ್ಕ ಹೋಗಿ ದ್ವಾರಪಾಲಕಿಯ ಪಕ್ಕ ಕೂತಳು. ಎರಡು ದಿನ ಮಧ್ಯಾಹ್ನ ಅವಳನ್ನೇ ಮನೆಗೆ ಕರೆಸಿಕೊಂಡು, ಮೌಸ್ ಹಿಡಿಯುವುದರಿಂದ ಶುರುಮಾಡಿ ಕಲಿತಿದ್ದಳು.

ಆಟ ತೊಡಗಿತು. ಅಕ್ಕ ಒಂದು ಯುದ್ಧನೌಕೆಯನ್ನೂ ಕಟ್ಟಲಿಲ್ಲ. ತನ್ನ ಪಾಲಿಗೆ ಬಂದ ನಡುದ್ವಾರವನ್ನು ಹಿಡಿದು ಕೂತಳು. ಹತ್ತೇ ನಿಮಿಷದಲ್ಲಿ ಶತ್ರುವಿನ ಅರವತ್ತು ಯುದ್ಧನೌಕೆಗಳು ದ್ವಾರದ ಮುಂದೆ ಬಂದು ನಿಂತವು.

“ಹೊಡೀರಿ ಆಂಟಿ!” ಎಂದು ಹಿಂದಿನಿಂದ ಯಾರೋ ಕೂಗಿದರು.

“ಯಾಕೆ, ಪಾಪ? ಸರದಿ ಹಚ್ಚೋಣ ಇರಿ,” ಎಂದಳು ಅಕ್ಕ.

ಐದು ಕಟ್ಟೆ ಕೆಲಸಕ್ಕೆ, ಆರನೆಯದು ಖಾಲಿ. ಸರದಿಯಲ್ಲಿದ್ದ ವ್ಯಾಪಾರಿ ಹಡಗುಗಳಲ್ಲಿ ಮೊದಲು ದವಸದವನ್ನು ಬಿಟ್ಟಳು, ಆಮೇಲೆ ಔಷಧಿ, ಆಮೇಲೆ ನೀರು, ಆಮೇಲೆ ಅದಿರು. ಯಾವುದಾದರೂ ಅಡ್ಡ ಬಂದರೆ ಅದನ್ನು ಖಾಲಿ ಕಟ್ಟೆಗೆ ಸರಿಸಿ, ಹಿಂದಿನದನ್ನು ದಾಟಿಸಿ, ಕಟ್ಟೆಯನ್ನು ಮತ್ತೆ ಖಾಲಿ ಮಾಡುತ್ತಿದ್ದಳು. ನಾಲ್ಕು ನಿಮಿಷದಲ್ಲಿ ಪಂಡಿತರನ್ನು ಮುಳುಗಿಸಿದ್ದ ದ್ವಾರ ಅವಳ ಕೈಯಲ್ಲಿ ಎಣ್ಣೆ ಹಚ್ಚಿದ ಬಾಗಿಲಿನಂತೆ ತಿರುಗುತ್ತಿತ್ತು.

ಪ್ರಕಾಶಕರ ಕಡೆಯವರಲ್ಲಿ ಹಿರಿಯ ಹೆಂಗಸು ಮುಂದಕ್ಕೆ ಬಾಗಿದರು. “ಯುದ್ಧನೌಕೆಗಳನ್ನ ಯಾವಾಗ ಬಿಡ್ತೀರಿ?”

“ಅವಕ್ಕೇನು ಅವಸರ? ಕೊಳೆತು ಹೋಗೋ ಸಾಮಾನಲ್ಲವಲ್ಲ,” ಎಂದಳು ಅಕ್ಕ.

ಯಂತ್ರ ತಲೆ ಕೆರೆದುಕೊಂಡಿತು. ಯಾರೂ ಅದನ್ನು ತಡೆದಿರಲಿಲ್ಲ, ಬರಬೇಡ ಎಂದಿರಲಿಲ್ಲ, ಹೋರಾಡಲು ಎದುರಿಗೆ ಯಾರೂ ಇರಲಿಲ್ಲ. ಅದರ ಹಡಗುಗಳು ಸುಮ್ಮನೆ ಕಾದವು. ಕಾದು ಕಾದು ಇಂಧನ ಇಳಿಯಿತು, ಸಿಬ್ಬಂದಿ ಹಸಿದು ಗೊಣಗತೊಡಗಿದರು. ಆಗ ಅಕ್ಕ ಒಂದು ದವಸದ ಹಡಗನ್ನು ಅವರ ಕಡೆಗೇ ತಿರುಗಿಸಿದಳು. ಮೊದಲ ಕಪ್ತಾನ ಬಾವುಟ ಬದಲಿಸಿದ. ಹಿಂದೆಯೇ ಇನ್ನೊಬ್ಬ, ಮತ್ತೆ ನಾಲ್ವರು. ಊಟ ಕೊಟ್ಟ ಪಕ್ಷಕ್ಕೆ ನಲವತ್ತೊಂಬತ್ತು ಹಡಗು ಬಂದು ಸೇರುವಷ್ಟರಲ್ಲಿ ಪರದೆ ಬೆಳಗಿ, ‘ವಿಜಯ’ ಎಂಬ ಪದ ಮೂಡಿತು. ಒಂದೇ ಒಂದು ಗುಂಡು ಹಾರಿರಲಿಲ್ಲ.

ಹಿರಿಯ ಹೆಂಗಸು ಯಜಮಾನನ ಕಡೆ ತಿರುಗಿದರು. “ಈ ದ್ವಾರ ಮಾಡಿದವರು ಯಾರು?”

ಯಜಮಾನ ತೋರಿಸುವ ಮೊದಲೇ ಅಕ್ಕ ಪಕ್ಕದವಳ ಬೆನ್ನ ಮೇಲೆ ಕೈಯಿಟ್ಟು, “ಇವಳು. ನಮ್ಮ ಯಾರ್ಡಲ್ಲಿ ಇದ್ದಿದ್ರೆ ಕ್ಯಾಬಿನ್ನಿಗೆ ಹತ್ತಿಸ್ತಿದ್ದೆ,” ಎಂದಳು. ಕ್ಯಾಬಿನ್ನಿನ ಮೂವತ್ತೊಂದು ವರ್ಷದಲ್ಲಿ ಅಕ್ಕ ಇನ್ನೊಬ್ಬರಿಗೆ ಆ ಮಾತು ಹೇಳಿದ್ದನ್ನು ಪಂಡಿತರು ಕೇಳಿರಲಿಲ್ಲ. ಅವರ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು. ತಾವೇ ಗೆದ್ದವರಂತೆ ಸುತ್ತಲೂ ನೋಡಿ ತಲೆಯಾಡಿಸಿದರು. ದ್ವಾರಪಾಲಕಿ ಕನ್ನಡಕ ತೆಗೆದು ಒರೆಸಲು ಹೋದಳು, ಈ ಸಲ ಒದ್ದೆಯಾದದ್ದು ಗಾಜಲ್ಲ.

“ಇದನ್ನ ತೆಗೆಯೋ ಮಾತು ಕೇಳಿದ್ದೆ,” ಎಂದರು ಹಿರಿಯ ಹೆಂಗಸು. “ತೆಗೆದ್ರೆ ಮಿಕ್ಕಿದ್ದನ್ನೂ ನೀವೇ ಇಟ್ಕೊಳ್ಳಿ.”

“ತೆಗೆಯೋದಾ? ಯಾರ್ ಹೇಳಿದ್ದು?” ಎಂದ ಯಜಮಾನ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. ಆಮೇಲೆ ಪರದೆಯ ಕಡೆ ನೋಡಿದ. ಗೆದ್ದ ಮೇಲೂ ಆಟ ಓಡುತ್ತಲೇ ಇತ್ತು. ದ್ವಾರದ ಆಚೆ ಹಟ ಬಿಡದ ಹನ್ನೊಂದು ಹಡಗು ಇನ್ನೂ ಸರದಿಯಲ್ಲಿ ನಿಂತಿದ್ದವು.

“ಅಮ್ಮಾ, ಅವು ಇನ್ನೂ ಕಾಯ್ತಾ ಇವೆಯಲ್ಲ. ಅವನ್ನ ಯಾವಾಗ ಬಿಡ್ತೀರಿ?”

ಅಕ್ಕ ಗೋಡೆಯ ಗಡಿಯಾರ ನೋಡಿ ಎದ್ದು ನಿಂತಳು.

“ನನ್ನ ಡ್ಯೂಟಿ ಮುಗೀತಪ್ಪ. ಮುಂದಿನ ಪಾಳಿಯವರು ಬಂದಾಗ ಕೇಳು.”