ಒಂದಕ್ಷರದ ಅಂತರ

ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದ ಅವರನ್ನು ಬೀದಿಯವರೆಲ್ಲ ‘ಕೆಂಪು ಪೆನ್ನಿನ ಮೇಷ್ಟ್ರು’ ಎನ್ನುತ್ತಿದ್ದರು. ಒತ್ತಿರಲಿ, ದೀರ್ಘವಿರಲಿ, ತಪ್ಪೊಂದೂ ಅವರ ಕಣ್ಣಿನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಮಗು ಹುಟ್ಟಿದ ಮನೆಯವರು ಹೆಸರು ಕೇಳಲು ಬಂದರೆ, ಒಡಹುಟ್ಟಿದವರ ಹೆಸರು ಜೋಡಿಯಾಗಿರಬೇಕು ಎಂದು ಗಂಟೆಗಟ್ಟಲೆ ಹೇಳುತ್ತಿದ್ದರು. ತಮ್ಮ ಇಬ್ಬರು ಹೆಣ್ಣುಮಕ್ಕಳಿಗಂತೂ ನಡುವಿನ ಒಂದಕ್ಷರ ಮಾತ್ರ ಬೇರೆಯಿರುವ ಹೆಸರಿಟ್ಟು ಬೀಗಿದ್ದರು. ಒಬ್ಬಳನ್ನು ಕೂಗಿದರೆ ಇಬ್ಬರೂ ಓಡಿ ಬರುತ್ತಾರೆ, ಕೆಲಸವಿದ್ದರೆ ಇಬ್ಬರೂ ಬರುವುದಿಲ್ಲ ಎಂದು ಹೆಂಡತಿ ಗೊಣಗಿದಾಗ ನಕ್ಕು ಮಾತು ಹಾರಿಸಿದ್ದರು.

ಮಕ್ಕಳು ಬೆಳೆದು ಗ್ರಂಥಾಲಯದ ಕೆಲಸಕ್ಕೆ ಅರ್ಜಿ ಹಾಕಿದರು. ಹಿರಿಯಳಿಗೆ ಅದು ಮೂರನೆಯ ಸಲ; ಕಿರಿಯಳು ಅಕ್ಕನಿಗೆ ಜೊತೆಯಾಗಿ ಹಾಕಿದವಳು. ನೇಮಕದ ಪತ್ರ ಬಂದಾಗ ಮೇಷ್ಟ್ರು ಬಾಗಿಲಲ್ಲೇ ಲಕೋಟೆ ಹರಿದು, ಹಿರಿಯಳ ಹೆಸರನ್ನು ಬೀದಿಗೇ ಕೇಳುವಂತೆ ಓದಿದರು. ಮರುದಿನವೇ ಅವಳು ಅದುವರೆಗೆ ಮಾಡುತ್ತಿದ್ದ ಬಟ್ಟೆ ಅಂಗಡಿಯ ಕೆಲಸ ಬಿಟ್ಟಳು.

ಕೆಲಸಕ್ಕೆ ಸೇರುವ ದಿನ ಮೇಷ್ಟ್ರೂ ಜೊತೆಗೆ ಹೋದರು. ಗುಮಾಸ್ತ ಪತ್ರವನ್ನೂ ಅವಳ ಗುರುತಿನ ಚೀಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ.

“ಇದು ಇವರ ಹೆಸರಲ್ಲ ಸಾರ್. ಒಂದಕ್ಷರ ಬೇರೆ ಇದೆ ನೋಡಿ.”

ಹಿಂದೆ ಸಾಲಿನಲ್ಲಿದ್ದವರು ಕತ್ತು ಚಾಚಿದರು. ಮೇಷ್ಟ್ರಿಗೆ ಕಿವಿಯೆಲ್ಲ ಬಿಸಿಯಾಯಿತು. ಪರರ ತಪ್ಪು ಹುಡುಕುತ್ತ ಮೂವತ್ತು ವರ್ಷ ಕಳೆದವರು, ಮನೆಗೆ ಬಂದ ಒಂದು ಹಾಳೆಯನ್ನು ನೆಟ್ಟಗೆ ಓದಿರಲಿಲ್ಲ. ಮಗಳು ಪತ್ರ ಮಡಿಸಿಕೊಂಡು ಮೆಟ್ಟಿಲಿಳಿದಳು.

ಮನೆಯಲ್ಲಿ ಕಿರಿಯಳ ಕೈಗೆ ಪತ್ರ ಕೊಟ್ಟರು. ಅವಳಿಗೆ ಆಶ್ಚರ್ಯವಾಗಲಿಲ್ಲ.

“ನೀನು ನೋಡಿದ್ದೆಯಾ?”

“ಅವತ್ತೇ ನೋಡಿದ್ದೆ ಅಪ್ಪ. ಅಕ್ಕ ಅಷ್ಟು ಖುಷಿಯಾಗಿದ್ದಳು. ಹೇಗೆ ಹೇಳೋದು?”

ಕಿರಿಯಳು ತನಗೆ ಬಂದ ಕೆಲಸವನ್ನು ಹೇಳದೆ ಅಕ್ಕನಿಗೆ ಬಿಟ್ಟುಕೊಡಲು ಹೊರಟಿದ್ದಳು ಎಂದು ತಿಳಿದ ಮೇಲೆ ಮೇಷ್ಟ್ರಿಗೆ ಅಲ್ಲಿ ನಿಲ್ಲಲಾಗಲಿಲ್ಲ. ನೇರ ಬಟ್ಟೆ ಅಂಗಡಿಗೆ ನಡೆದರು. ಗಿರಾಕಿಗಳು ಹೋಗುವವರೆಗೆ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದು, ತಪ್ಪೆಲ್ಲ ತಮ್ಮದೆಂದು ತಡವರಿಸುತ್ತ ಹೇಳಿ, ಮಗಳನ್ನು ಮತ್ತೆ ಸೇರಿಸಿಕೊಳ್ಳುವಂತೆ ಕೇಳಿಕೊಂಡರು. ನಾಳೆಯಿಂದಲೇ ಬರಲಿ ಎಂದ ಮಾಲೀಕ ಬೇರೇನೂ ಕೇಳಲಿಲ್ಲ. ಆ ದಾಕ್ಷಿಣ್ಯವೇ ಅವರನ್ನು ಇನ್ನಷ್ಟು ಕುಗ್ಗಿಸಿತು.

ಮನೆಗೆ ಬಂದಾಗ ಹಿರಿಯಳು ಮಂಚದ ಮೇಲೆ ಹಳೆಯ ದುಪ್ಪಟಿ ಹಾಸಿ, ತಂಗಿಯ ಮೊದಲ ದಿನದ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಅವಳ ಮುಖ ನೋಡಲಾರದೆ ಮೇಷ್ಟ್ರು ಮಾಲೀಕನ ಮಾತನ್ನು ಗೋಡೆಗೆ ಹೇಳಿದಂತೆ ಹೇಳಿದರು.

“ಆಯ್ತಪ್ಪ,” ಎಂದವಳು ಸೀರೆಯ ಮಡಿಕೆ ತಿರುಗಿಸಿದಳು.